ಕಣ್ಣು ಹೊಡೆಯುವ ಪರದೆ

ಮಂಗಳವಾರ, ಊಟದ ಬಿಡುವು

ಮುನಿಸಿಕೊಂಡು ಹೋದ ನನ್ನ ಅಮ್ಮನಿಗೆ, ಮುನಿಸು ತರಿಸಿದ ಮಗಳ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನಿನ್ನ ಮೊಮ್ಮಗಳು ನನಗಿಂತ ಚೆನ್ನಾಗಿದ್ದಾಳೆ. ಕೆಳಗೆ ಎರಡು ಹಲ್ಲು ಬಂದಿವೆ, ಅವುಗಳ ಗಟ್ಟಿತನವನ್ನು ದಿನವೂ ನನ್ನ ಬೆರಳಿನ ಮೇಲೆ ಪರೀಕ್ಷೆ ಮಾಡುತ್ತಾಳೆ. ನಾನು ಕೆಲಸಕ್ಕೆ ಬಂದಾಗ ಅವಳನ್ನು ನೋಡಿಕೊಳ್ಳಲು ಒಳ್ಳೆಯ ಏರ್ಪಾಡಾಗಿದೆ, ಅದರ ಬಗ್ಗೆ ಈಗಲೇ ಹೆಚ್ಚು ಕೇಳಬೇಡ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾವಿಬ್ಬರೂ ಫೋನಿಗೆ ಕೂತರೆ ಎರಡನೇ ನಿಮಿಷಕ್ಕೆ ಯಾರಾದರೊಬ್ಬರು ಪಟ್ಟಂತ ಇಟ್ಟುಬಿಡುತ್ತೇವೆ. ಕಾಗದವನ್ನಾದರೆ ನೀನು ಸಿಟ್ಟಿನಲ್ಲಿ ಅರ್ಧಕ್ಕೇ ಮಡಚಿಟ್ಟರೂ ಜೊತೆಗಿರುವ ಚಿಕ್ಕಮ್ಮ ಆ ಕಡೆ ಹೋದಮೇಲೆ ತೆಗೆದು ಓದುತ್ತೀಯ.

ಮೊದಲು ಆ ದಿನದ ಮಾತು. ಎರಡು ತಿಂಗಳ ಹಿಂದೆ, ನನ್ನ ಹೆರಿಗೆ ರಜೆ ಮುಗಿಯುವ ವಾರ, ನೀನು ಚೀಲ ಹಿಡಿದು ಬಂದು, ಮಗೂನ ನಾನು ನೋಡ್ಕೋತೀನಿ, ನೀನು ನಿಶ್ಚಿಂತೆಯಾಗಿ ಹೋಗು ಅಂದೆ. ನಾನು ಬಾಯಿಗೆ ಬಂದ ಹಾಗೆ ಮಾತಾಡಿದೆ. ನನ್ನನ್ನ ಎದುರುಮನೆಯವರ ಕೈಗೆ ಕೊಟ್ಟು ಡಿಪೋಗೆ ಓಡ್ತಿದ್ದವಳು ನೀನು, ಮೊಮ್ಮಗಳನ್ನ ಏನು ನೋಡ್ಕೋತೀಯ ಅಂದುಬಿಟ್ಟೆ. ನೀನು ಒಣಗಿದ್ದ ಮಗುವಿನ ಬಟ್ಟೆಗಳನ್ನೆಲ್ಲ ಒಂದೊಂದಾಗಿ ಮಡಚಿಟ್ಟು ಸಂಜೆಯ ಬಸ್ಸಿಗೆ ಹೊರಟೆ. ತಿರುಗಿ ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಈಗ ನಾನೇ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನಮ್ಮ ಬಸ್ ಡಿಪೋದ ಸುದ್ದಿ. ನೀನು ಇಪ್ಪತ್ತಾರು ವರ್ಷ ಕೂತಿದ್ದ ಬಿಡಿಭಾಗಗಳ ಸ್ಟೋರಿನ ಕೌಂಟರಿನಲ್ಲಿ ನಿನ್ನ ಹಳೆಯ ಕಂಪ್ಯೂಟರ್ ಟರ್ಮಿನಲ್ ಇನ್ನೂ ಇದೆ, ಅದೇ ಕೊಬ್ಬರಿ ಬಣ್ಣದ ಡಬ್ಬ, ಅದೇ ಹಸಿರು ಅಕ್ಷರ. ಹೊಸ ಮ್ಯಾನೇಜರಿಗೆ ಅದರ ಮೇಲೆ ಕಣ್ಣು. ಉಳಿದ ಟರ್ಮಿನಲ್ಲುಗಳು ತಪ್ಪು ನಂಬರ್ ಹೊಡೆದರೆ ಕೀಂ ಅನ್ನುತ್ತವೆ, ಇದು ಮಾತ್ರ ತುಟಿಪಿಟಕ್ಕೆನ್ನದೆ ಪರದೆಯನ್ನು ಒಮ್ಮೆ ಹಸಿರಾಗಿ ಮಿನುಗಿಸುತ್ತದೆ. ಮೆಕ್ಯಾನಿಕ್ಕುಗಳೆಲ್ಲ ಇದಕ್ಕೆ ಕಣ್ಣು ಹೊಡೆಯುವ ಪರದೆ ಅನ್ನುತ್ತಾರೆ. ಮ್ಯಾನೇಜರ್ ಮಾತ್ರ ಕೆಟ್ಟುಹೋಗಿದೆ ಎಂದು ಬರೆದು ಗುಜರಿಯ ಪಟ್ಟಿಗೆ ಸೇರಿಸಿ, ಒಮ್ಮೆ ನೋಡಿ ಸಹಿ ಹಾಕಿ ಅಂತ ನನ್ನ ಮೇಜಿನ ಮೇಲಿಟ್ಟರು.

ನೋಡದೆ ಸಹಿ ಹಾಕಬಾರದು ಅನ್ನುವುದು ನೀನೇ ಕಲಿಸಿದ ಕೆಟ್ಟ ಚಾಳಿ. ಒಂದು ಮಧ್ಯಾಹ್ನ ಆ ಟರ್ಮಿನಲ್ಲಿಗೆ, ಎಲ್ಲ ಟರ್ಮಿನಲ್ಲುಗಳನ್ನೂ ನಡೆಸುವ ಒಳಗಿನ ದೊಡ್ಡ ಯಂತ್ರದಿಂದ ನೇರವಾಗಿ ಗಂಟೆಯ ಸಂಕೇತ ಕಳಿಸಿದೆ. ಸ್ಟೋರಿನ ತಗಡೆಲ್ಲ ಅದುರುವ ಹಾಗೆ ಕೀಂ ಅಂತು. ಅಂದರೆ ಗಂಟಲು ಸರಿಯಾಗಿಯೇ ಇದೆ, ಇಷ್ಟು ವರ್ಷ ಯಾರೋ ಬಾಯಿ ಮುಚ್ಚಿಸಿದ್ದಾರೆ.

ಕೌಂಟರಿಗೆ ಒರಗಿ ಚಹಾ ಕುಡಿಯುತ್ತಿದ್ದ ಸ್ಪ್ಯಾನರ್ ಮಾವ, ನಿನ್ನ ಕಾಲದ ಮೆಕ್ಯಾನಿಕ್ಕುಗಳಲ್ಲಿ ಉಳಿದಿರುವುದು ಅವರೊಬ್ಬರೇ, ಬೆಚ್ಚಿ ಅರ್ಧ ಲೋಟ ಅಂಗಿಯ ಮೇಲೆ ಚೆಲ್ಲಿಕೊಂಡರು. ಆಮೇಲೆ ತುಟಿಯ ಮೇಲೆ ಬೆರಳಿಟ್ಟು, ಶ್, ಗುಬ್ಬಿ ಎದ್ದುಬಿಡ್ತಾಳೆ ಅಂದರು. ನನ್ನ ಮುಖ ನೋಡಿ ತಾವೇ ನಗಲು ಶುರುಮಾಡಿದರು. ಆ ಗುಬ್ಬಿ ಇಪ್ಪತ್ತೊಂಬತ್ತು ವರ್ಷದವಳಾಗಿ ಎದುರಿಗೇ ನಿಂತಿದ್ದಳಲ್ಲ. ಏನು ವಿಷಯ ಎಂದು ಕೇಳಿದರೆ, ನಿಮ್ಮಮ್ಮನ್ನೇ ಕೇಳಮ್ಮ, ಬಾಯಿಬಿಡಲ್ಲ ಅಂತ ಮಾತು ಕೊಟ್ಟಿದ್ದೀನಿ ಅಂದರು.

ನಿನ್ನನ್ನು ಕೇಳುವ ಮುಖ ನನಗೆಲ್ಲಿತ್ತು? ಯಂತ್ರವನ್ನೇ ಕೇಳಿದೆ. ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಮಗಳು ಎಷ್ಟು ಕಲಿತಿದ್ದಾಳೆ ನೋಡಿಕೋ. ಎಷ್ಟು ಸಾಲು ಹಿಡಿಸುತ್ತದೆ, ಪರದೆ ಒರೆಸುವುದು ಹೇಗೆ, ಗಂಟೆ ಬಾರಿಸುವುದು ಹೇಗೆ ಎಂದು ಒಂದೊಂದು ಬಗೆಯ ಟರ್ಮಿನಲ್ಲಿಗೂ ದೊಡ್ಡ ಯಂತ್ರದಲ್ಲಿ ಒಂದೊಂದು ವಿವರಣೆ ಇರುತ್ತದೆ. ಅಂಥ ಎರಡನ್ನು ಪಕ್ಕಪಕ್ಕ ಇಟ್ಟು ನೋಡಲು ಇನ್ಫೋಕಂಪ್ ಅಂತ ಒಂದು ಆಜ್ಞೆ ಇದೆ. ಅದರ ಮುಂದೆ ಎರಡು ಹೆಸರು ಬರೆದರೆ ಎಲ್ಲೆಲ್ಲಿ ವ್ಯತ್ಯಾಸ ಇದೆ ಎಂದು ಪಟ್ಟಿ ಕೊಡುತ್ತದೆ. ಎಲ್ಲ ಟರ್ಮಿನಲ್ಲುಗಳಿಗೂ ಕಂಪನಿ ಕೊಟ್ಟ ವಿವರಣೆ ಇತ್ತು. ನಿನ್ನದಕ್ಕೆ ಮಾತ್ರ ಬೇರೆಯೊಂದು ಇತ್ತು, ಅದರ ಹೆಸರು ಗುಬ್ಬಿ.

ಮನೆಯಲ್ಲಿ ನನ್ನನ್ನು ಕರೆಯುವ ಹೆಸರನ್ನು ಆ ಕಪ್ಪು ಪರದೆಯ ಮೇಲೆ, ಕಂಪನಿಯದರ ಹೆಸರಿನ ಪಕ್ಕದಲ್ಲಿ, ನಾನೇ ಟೈಪ್ ಮಾಡಿದೆ. ಉತ್ತರ ಒಂದೇ ಸಾಲು. ಗಂಟೆ ಕಂಪನಿಯದಕ್ಕೆ ಉಂಟು, ಗುಬ್ಬಿಗೆ ಇಲ್ಲ. ಬೇರೆ ಏನೂ ವ್ಯತ್ಯಾಸವಿಲ್ಲ; ಗಂಟೆ ಇಲ್ಲದ ಕಡೆ ದೊಡ್ಡ ಯಂತ್ರ ತಾನಾಗಿ ಪರದೆ ಮಿನುಗಿಸುತ್ತದೆ. ಆಮೇಲೆ ಗುಬ್ಬಿಯೊಂದನ್ನೇ ಪೂರ್ತಿ ತೋರಿಸು ಅಂದೆ. ಟರ್ಮಿನಲ್ಲಿನ ಉದ್ದದ ಹೆಸರು ಬರೆಯುವ ಮೊದಲ ಸಾಲಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮದೇ ಮಾತು ಇತ್ತು: ಮಗು ಮಲಗಿದೆ. ಕಡತದ ತಾರೀಕು ನೋಡಿದೆ. ನಾನು ಹುಟ್ಟಿ ಮೂರು ತಿಂಗಳ ಮೇಲೆ ನಾಲ್ಕು ದಿನ.

ಅದನ್ನು ಹಾಳೆಗೆ ಮುದ್ರಿಸಿ ಹಿಡಿದುಕೊಂಡು ಹೋಗಿ ನಿಂತಾಗ ಸ್ಪ್ಯಾನರ್ ಮಾವ ಕೊಟ್ಟಿದ್ದ ಮಾತೆಲ್ಲ ಕರಗಿಹೋಯಿತು. ಅಪ್ಪ ದೂರದ ಊರಿನ ಕೆಲಸದಲ್ಲಿದ್ದರಂತೆ, ನನ್ನನ್ನು ಬಿಡಲು ನಿನಗೆ ಯಾರೂ ಇರಲಿಲ್ಲವಂತೆ. ಏರ್ ಫಿಲ್ಟರ್ ಬಂದ ರಟ್ಟಿನ ಪೆಟ್ಟಿಗೆಗೆ ನಿನ್ನ ಶಾಲು ಹಾಸಿ, ಕೌಂಟರಿನ ಕೆಳಗೆ, ನಿನ್ನ ಕಾಲ ಬುಡದಲ್ಲೇ ಮಲಗಿಸಿಕೊಳ್ಳುತ್ತಿದ್ದೆಯಂತೆ. ಎಂಜಿನ್ ಗುಡುಗಿದರೂ ಸುತ್ತಿಗೆ ಬಿದ್ದರೂ ಏಳದವಳು, ಆ ಕೀಂ ಅನ್ನೋದೊಂದಕ್ಕೆ ಎದ್ದು ಡಿಪೋ ಹಾರಿಹೋಗೋ ಹಾಗೆ ಅಳ್ತಿದ್ದೆ ಅಂದರು. ನೀನು ಮೂರು ದಿನ ಊಟ ಬಿಟ್ಟು ಕಂಪನಿಯವರ ದಪ್ಪ ಕೈಪಿಡಿ ಓದಿದೆಯಂತೆ. ನಾಲ್ಕನೇ ದಿನ ಗಂಟೆ ಹೋಗಿ, ಅದರ ಬದಲು ಪರದೆ ಮಿನುಗಲು ಶುರುವಾಯಿತು. ನಾನು ಅದನ್ನು ನೋಡಿ ಕೇಕೆ ಹಾಕಿದರೆ ನೀನು ಬೇಕೆಂದೇ ತಪ್ಪು ನಂಬರ್ ಹೊಡೆಯುತ್ತಿದ್ದೆಯಂತೆ. ತನಿಖೆಗೆ ಸಾಹೇಬರು ಬರುವ ದಿನ ಮೆಕ್ಯಾನಿಕ್ಕುಗಳು ಪೆಟ್ಟಿಗೆಸಮೇತ ನನ್ನನ್ನು ಟೈರುಗಳ ಹಿಂದೆ ದಾಟಿಸುತ್ತಿದ್ದರಂತೆ. ನೋಡು, ನಾನು ಇಡೀ ಡಿಪೋದ ಕಳ್ಳಮಾಲು.

ಎಂಟನೇ ತಿಂಗಳಿಗೆ ನಾನು ತೆವಳಲು ಶುರುಮಾಡಿದೆ. ಒಂದು ದಿನ ಬಾಯಲ್ಲಿ ವಾಷರ್. ನೀನು ಬೆರಳು ಹಾಕಿ ಹೊರಗೆ ತೆಗೆದೆ, ಆದರೆ ಆ ಮಧ್ಯಾಹ್ನ ಪೂರ್ತಿ ನಿನ್ನ ಕೈಗೆ ಪೆನ್ನು ಹಿಡಿಯಲು ಆಗಲಿಲ್ಲವಂತೆ. ಮಾರನೇ ದಿನದಿಂದ ನಾನು ಎದುರುಮನೆಗೆ.

ನನಗೆ ನೆನಪಿರುವುದು ಎದುರುಮನೆಯ ಗೇಟು, ಅದರ ಸರಳು ಹಿಡಿದು ನಿನಗಾಗಿ ಕಾದದ್ದು. ಪೆಟ್ಟಿಗೆ ನೆನಪಿಲ್ಲ. ಆ ಗೇಟನ್ನೇ ಇಷ್ಟು ವರ್ಷ ಹೊತ್ತುಕೊಂಡು ಬಂದು ಎರಡು ತಿಂಗಳ ಹಿಂದೆ ನಿನ್ನ ಮುಖಕ್ಕೆ ಎಸೆದೆ. ಅಮ್ಮ, ನಾನು ಟೈರುಗಳ ಹಿಂದೆ ಕೂತು ಚೆನ್ನಾಗಿ ಅತ್ತೆ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಅಂತ ನಿನ್ನ ಮೇಲೆ ಸಿಟ್ಟೂ ಬಂತು. ಸ್ಟೋರಿನವರಿಗೆಲ್ಲ ತೊಂದರೆಯಾದೀತೆಂದು ಸುಮ್ಮನಿದ್ದೆಯೋ, ಅಥವಾ ಆ ವಾಷರ್ ನಿನ್ನ ಗಂಟಲಲ್ಲೇ ಉಳಿದುಬಿಟ್ಟಿತ್ತೋ, ಬಂದಾಗ ಹೇಳು.

ಗುಜರಿ ಪಟ್ಟಿಯಿಂದ ನಿನ್ನ ಟರ್ಮಿನಲ್ಲನ್ನು ತೆಗೆಸಿದೆ. ದೋಷವಿಲ್ಲ, ಬೇಕೆಂದೇ ಹೀಗೆ ಮಾಡಿದ್ದು ಅಂತ ಷರಾ ಬರೆದೆ. ಯಾರು ಮಾಡಿದ್ದು ಎಂದು ಮ್ಯಾನೇಜರ್ ಕೇಳಿದರು. ನನಗಿಂತ ಕೆಲಸ ಗೊತ್ತಿದ್ದವರು ಅಂದೆ.

ಆ ಇನ್ಫೋಕಂಪಿಗೆ ಇನ್ನೆರಡು ವಿದ್ಯೆ ಗೊತ್ತು. ಎರಡರಲ್ಲೂ ಇರುವುದೇನು ಎಂದು ಕೇಳಿದರೆ ಹೇಳುತ್ತದೆ, ಎರಡರಲ್ಲೂ ಇಲ್ಲದ್ದೇನು ಎಂದರೂ ಹೇಳುತ್ತದೆ. ನಿನ್ನನ್ನೂ ನನ್ನನ್ನೂ ಹಾಗೆ ಇಟ್ಟು ನೋಡಿದೆ. ಇಬ್ಬರಲ್ಲೂ ಇರುವುದು ಹಟ, ಮೂಗಿನ ತುದಿಯ ಕೋಪ, ಸಹಿ ಹಾಕುವ ಮೊದಲು ಮೂರು ಸಲ ಓದುವ ರೋಗ. ಇಬ್ಬರಲ್ಲೂ ಇಲ್ಲದ್ದು, ತಪ್ಪಾಯಿತು ಎಂದು ತಾನಾಗಿ ಮೊದಲು ಹೇಳುವ ಗುಣ.

ತಪ್ಪಾಯಿತು ಅಮ್ಮ. ಇನ್ನು ಆ ಪಟ್ಟಿಯನ್ನು ಹೊಸದಾಗಿ ಮಾಡಬೇಕು.

ಇಂತಿ, ಕೌಂಟರಿನ ಕೆಳಗೆ ಬೆಳೆದ ನಿನ್ನ
ಗುಬ್ಬಿ

ತಾ.ಕ.: ಒಳ್ಳೆಯ ಏರ್ಪಾಡು ಅಂದೆನಲ್ಲ, ಅದು ಈಗ ನಿನ್ನದೇ ಕೌಂಟರಿನ ಕೆಳಗೆ, ನನ್ನ ಕಾಲ ಬುಡದಲ್ಲಿ ಮಲಗಿದೆ. ನೋಡಿಕೊಳ್ಳುತ್ತಿದ್ದ ಹೆಂಗಸು ಕೈಕೊಟ್ಟು ಎರಡು ವಾರವಾಯಿತು. ಪೆಟ್ಟಿಗೆ ಹೊಸದು, ಶಾಲು ನೀನು ಬಿಟ್ಟುಹೋದದ್ದು. ಮ್ಯಾನೇಜರ್ ಬಂದರೆ ಟೈರುಗಳ ಹಿಂದೆ ದಾಟಿಸುವ ಕೆಲಸ ಮತ್ತೆ ಸ್ಪ್ಯಾನರ್ ಮಾವನದೇ. ಪರದೆ ಕಣ್ಣು ಹೊಡೆದರೆ ಇವಳೂ ಕೇಕೆ ಹಾಕುತ್ತಾಳೆ. ಆದರೆ ನಿನ್ನೆ ತೆವಳಿಕೊಂಡು ನಟ್ಟುಗಳ ತಟ್ಟೆಯವರೆಗೂ ಹೋಗಿದ್ದಳು. ನನಗೆ ಎದುರುಮನೆ ಬೇಡ, ನೀನು ಬೇಕು. ಬೆಳಗಿನ ಏಳು ಗಂಟೆಯ ಬಸ್ಸಿಗೆ ನಿನ್ನೆ ತಾನೆ ಹೊಸ ಬ್ರೇಕ್ ಪ್ಯಾಡ್ ಹಾಕಿಸಿದ್ದೇವೆ, ಧೈರ್ಯವಾಗಿ ಹತ್ತು.