ಉಪ್ಪಿನ ದಾರಿಯ ವಾಲಿದ ಕಲ್ಲುಗಳು

ಆಗರಕೇರಿ,
ಫೆಬ್ರವರಿ ೩೦, ೨೧೮೯

ಉಪ್ಪಿನ ದಾರಿ ಇತಿಹಾಸ ಸಂಘದ ಮೊದಲ ಕಾರ್ಯದರ್ಶಿಗಳಾದ ವಾಮನ ಮಾಸ್ತರರಿಗೆ, ಅದೇ ಸಂಘದ ಈಗಿನ ಕಾರ್ಯದರ್ಶಿ ತುಳಸಿ ಗಾಂವಕರ ಮಾಡುವ ನಮಸ್ಕಾರಗಳು.

ತಾರೀಕು ತಪ್ಪಿಲ್ಲ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಅದು ಹೇಗೆಂದು ವಿವರಿಸುತ್ತ ಕೂತರೆ ಅಷ್ಟರಲ್ಲಿ ನನ್ನ ಮಗಳು ಹೊರಟೇಹೋಗುತ್ತಾಳೆ, ಆದ್ದರಿಂದ ದಯವಿಟ್ಟು ಒಪ್ಪಿಕೊಂಡುಬಿಡಿ. ನನ್ನ ಬರಹದಲ್ಲಿ ನಿಮಗೆ ಪರಿಚಯವಿಲ್ಲದ ಮಾತುಗಳು ಬರುತ್ತವೆ, ಕ್ಷಮಿಸಬೇಕು. ನಿಮ್ಮ ನಡಾವಳಿ ಪುಸ್ತಕ ಓದುವಾಗ ನನಗೂ ಅದೇ ಕಷ್ಟವಾಯಿತು. 'ಸರ್ವಾನುಮತ' ಎಂದರೇನೆಂದು ಇಬ್ಬರನ್ನು ಕೇಳಬೇಕಾಯಿತು. ನಮ್ಮ ಕಾಲದ ಸಂಘದಲ್ಲಿ ಅಂಥದ್ದು ಒಮ್ಮೆಯೂ ನಡೆದಿಲ್ಲ.

ನಾನು ಈ ಕೇರಿಯ ನಾಲಿಗೆಯವಳು. ಹಾಗೆಂದರೆ ಬಾಯಿಬಡುಕಿ ಎಂದಲ್ಲ, ಆ ಹೆಸರು ನನಗೆ ಬೇರೆಯೇ ಉಂಟು. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಏನೂ ತಿನ್ನದೆ, ಊರಿನ ಬಾವಿಗಳ ನೀರನ್ನು ಒಂದೊಂದು ಚಮಚ ರುಚಿ ನೋಡುವುದು ನನ್ನ ಕೆಲಸ. ಸಮುದ್ರ ಒಳಗೊಳಗೇ ಬಂದು ಬಾವಿ ಸೇರುವುದಕ್ಕೆ ನಾವು ಉಪ್ಪೇರು ಎನ್ನುತ್ತೇವೆ. ಉಪ್ಪೇರಿದ ಬಾವಿಗೆ ನಾನು ಕೆಂಪು ಬಟ್ಟೆ ಕಟ್ಟಿದರೆ ಆ ನೀರು ಪಾತ್ರೆ ತೊಳೆಯುವುದಕ್ಕಷ್ಟೇ. ಅಳೆಯುವ ಯಂತ್ರವೂ ಒಂದಿದೆ. ಆದರೆ ಅದಕ್ಕೇ ಉಪ್ಪು ಹಿಡಿದಿದೆ. ನಾಲಿಗೆಯವಳಾಗಿ ಹನ್ನೆರಡು ವರ್ಷವಾಯಿತು, ಅಂದಿನಿಂದ ಉಪ್ಪಿನಕಾಯಿ ಮುಟ್ಟಿಲ್ಲ, ಮೀನನ್ನೂ ಉಪ್ಪಿಲ್ಲದೆ ಬೇಯಿಸಿಕೊಳ್ಳುತ್ತೇನೆ. ನನ್ನ ಸಿಡುಕಿಗೆ ಅದೇ ಕಾರಣವೆಂದು ಮಗಳು ಶರಾವತಿ ಹೇಳುತ್ತಾಳೆ.

ಹೋದ ಸೋಮವಾರ ಕೊನೆಯ ಸಿಹಿಬಾವಿಗೂ ಬಟ್ಟೆ ಕಟ್ಟಿದೆ. ಮೂರು ಸಲ ರುಚಿ ನೋಡಿದೆ. ನಾಲ್ಕನೆಯ ಸಲ ನೋಡಲು ಧೈರ್ಯ ಬರಲಿಲ್ಲ. ಈಗ ಮಳೆನೀರಿನ ತೊಟ್ಟಿಯಲ್ಲಿರುವುದನ್ನು ಲೋಟದ ಲೆಕ್ಕದಲ್ಲಿ ಹಂಚುತ್ತಿದ್ದೇವೆ. ಮಕ್ಕಳಿರುವವರು ಮೊದಲು ಘಟ್ಟದ ಮೇಲೆ ಹೋಗಬೇಕೆಂದು ತೀರ್ಮಾನವಾಗಿದೆ. ಹಾಗೆ ಹೋಗುವವರನ್ನು ಏರುಗುಂಪು ಎನ್ನುತ್ತೇವೆ. ನಿಮ್ಮ ಕಾಲದ ಹೆದ್ದಾರಿ ಗುಡ್ಡ ಜರಿದು ಎಂದೋ ಮುಚ್ಚಿಹೋಗಿದೆ. ಉಳಿದಿರುವುದು ನಿಮ್ಮ ದಾರಿ, ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಮೊದಲು ಘಟ್ಟ ಹತ್ತಿದವರ ದಾರಿ. ಅವರ ಹಿಂದೆಯೇ ಮಡಕೆ, ಕೋಳಿ, ಕೂಸು ಕಟ್ಟಿಕೊಂಡು ಹೋಗಿ ಮೇಲೆ ಊರು ಮಾಡಿದವರ ದಾರಿ. ಆ ದಾರಿಯ ಗುರುತುಗಳು ಅಳಿಯಬಾರದೆಂದೇ ತಾವು ಸಂಘ ಕಟ್ಟಿದಿರಿ. ಅದಕ್ಕಾಗಿ ನಾನು ನಿಮ್ಮನ್ನು ಗೌರವಿಸುತ್ತೇನೆ. ಇನ್ನು ಮುಂದೆ ಬರೆಯುವುದನ್ನು ಆ ಗೌರವ ಇಟ್ಟುಕೊಂಡೇ ಬರೆಯುತ್ತಿದ್ದೇನೆ, ಆದರೂ ಸಿಟ್ಟು ಬಂದಿದೆ.

ನಿಮ್ಮ ನಾಲ್ಕನೆಯ ವಾರ್ಷಿಕ ಸಭೆಯ ನಡಾವಳಿ ನನ್ನ ಮುಂದಿದೆ. 'ದಾರಿಯುದ್ದಕ್ಕೂ ಹೊರೆ ಇಳಿಸಲು ನಿಲ್ಲಿಸಿರುವ ಹನ್ನೆರಡು ಹೊರೆಗಲ್ಲುಗಳು ಕಾಲಾಂತರದಲ್ಲಿ ವಾಲಿದ್ದು, ನೋಡಲು ಶೋಭಿಸುತ್ತಿಲ್ಲವಾದ ಕಾರಣ, ಅವುಗಳನ್ನು ನೆಟ್ಟಗೆ ನಿಲ್ಲಿಸಿ ಬುಡಕ್ಕೆ ಕಾಂಕ್ರೀಟು ಹಾಕಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.' ಅದರ ಕೆಳಗೆ ಇನ್ನೊಂದು ಸಾಲಿದೆ. 'ಸಭೆಗೆ ಬಂದಿದ್ದ ವೃದ್ಧೆ ಹೊನ್ನಿ ಗೌಡ ಇವರು, ಕಲ್ಲು ತಾನಾಗಿ ವಾಲಿದ್ದಲ್ಲ ಮಾಸ್ತರೆ, ವಾಲ್ಸೇ ನಿಲ್ಸಿದ್ದು, ಅದು ವಾಲಿದ ಬದಿಗೆ ನಡ್ದರೆ ನೀರು ಸಿಕ್ತದೆ ಎಂದರು. ಸಭೆ ನಕ್ಕಿತು. ನಂತರ ಚಹಾ ವಿತರಿಸಲಾಯಿತು.' ನೀವು ಪ್ರಾಮಾಣಿಕರು ಮಾಸ್ತರರೇ, ನಕ್ಕಿದ್ದನ್ನೂ ಬರೆದಿಟ್ಟಿರಿ. ಆ ಮುದುಕಿಗೆ ಚಹಾ ಸಿಕ್ಕಿತೋ ಇಲ್ಲವೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮುಂದಿನ ಪುಟವನ್ನು ನೀವಿನ್ನೂ ಬರೆದಿಲ್ಲ, ನಾನು ಓದಿದ್ದೇನೆ. ಕೆಲಸ ಬರುವ ಭಾನುವಾರ ಶುರುವಾಗುತ್ತದೆ. ಕಲ್ಲು ಸರಿಯಾಗಿ ಕೂರಲೆಂದು ಬುಡವನ್ನೂ ಕೆತ್ತಿ ಸಮ ಮಾಡಿಸುತ್ತೀರಿ. ಒಂಬತ್ತನೆಯದು ಕೊರಕಲಿನ ಅಂಚಿನಲ್ಲಿದೆ, ಕೆಲಸದವರು ಅಲ್ಲಿಗೆ ಇಳಿಯಲು ಒಪ್ಪುವುದಿಲ್ಲ. 'ಅದೊಂದನ್ನು ಹಾಗೆಯೇ ಬಿಡಬೇಕಾಗಿ ಬಂದುದಕ್ಕೆ ಸಂಘ ವಿಷಾದಿಸುತ್ತದೆ' ಎಂದು ಬರೆಯುತ್ತೀರಿ. ಆ ಒಂದು ಕಲ್ಲು ಇವತ್ತಿಗೂ ವಾಲಿಕೊಂಡಿದೆ. ಐದು ವರ್ಷದ ಹಿಂದೆ ಹೊನ್ನಿಯ ಮಾತು ಓದಿ, ಅದು ವಾಲಿದ ಕಡೆಗೆ ನಾನೇ ಇಳಿದು ಹೋದೆ. ಇನ್ನೂರು ಹೆಜ್ಜೆಗೆ ಬಂಡೆಯ ಕೆಳಗೆ ಒರತೆ ಸಿಕ್ಕಿತು, ಬೊಗಸೆ ತುಂಬ ನೀರು. ಇಷ್ಟು ಸಿಹಿಯಾದ ನೀರನ್ನು ನನ್ನ ನಾಲಿಗೆ ಕಂಡಿರಲಿಲ್ಲ. ಅಲ್ಲೇ ಕೂತು ಅತ್ತೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ ಆಗಿತ್ತು ನಮ್ಮ ಸಂಘದ ಕೆಲಸ. ನಾನು ಕಾರ್ಯದರ್ಶಿಯಾದಾಗಿನಿಂದ ವರ್ಷಕ್ಕೊಮ್ಮೆ ಆ ಕಲ್ಲುಗಳಿಗೆ ಸುಣ್ಣ ಬಳಿಸಿದವಳು, ಎಷ್ಟು ನೆಟ್ಟಗೆ ನಿಂತಿವೆ ನೋಡಿ ಎಂದು ಮಕ್ಕಳಿಗೆ ತೋರಿಸಿದವಳು. ನಿಮ್ಮನ್ನು ಬಯ್ಯುವಾಗ ನನ್ನನ್ನೂ ಸೇರಿಸಿಕೊಂಡೇ ಬಯ್ಯುತ್ತಿದ್ದೇನೆ.

ಹತ್ತನೆಯ ಕಲ್ಲಿನವರೆಗೆ ಮೂರು ವರ್ಷ ಕಾಡು ಬಗೆದು ನೀರಿನ ಜಾಗಗಳನ್ನು ಹುಡುಕಿಕೊಂಡೆವು. ಹನ್ನೆರಡನೆಯದನ್ನು ಮುಟ್ಟಿದರೆ ಮೇಲಿನವರ ಕೆರೆ ಕಾಣುತ್ತದೆ, ಅವರು ಒಳ್ಳೆಯವರು, ಇಲ್ಲವೆನ್ನುವುದಿಲ್ಲ. ಕಷ್ಟವಿರುವುದು ಹನ್ನೊಂದರಲ್ಲಿ. ಹತ್ತರಿಂದ ಹನ್ನೆರಡಕ್ಕೆ ಎರಡು ದಿನದ ಏರು, ಒಬ್ಬರು ಹೊರಬಲ್ಲ ನೀರು ಒಂದೂವರೆ ದಿನಕ್ಕೆ ಬರುತ್ತದೆ. ಕೂಸು ಎತ್ತಿಕೊಂಡವರಿಗೆ ಅಷ್ಟೂ ಇಲ್ಲ. ಹನ್ನೊಂದನೆಯ ಕಲ್ಲು ಗುಡ್ಡದ ನೆತ್ತಿಯಲ್ಲಿದೆ, ನಾಲ್ಕು ಕಡೆಗೂ ಇಳಿಜಾರು, ನಾಲ್ಕು ಕಡೆಗೂ ಮುಳ್ಳು. ಹೋದ ವರ್ಷ ನನ್ನ ತಮ್ಮ ಪಾಂಡು ಹದಿನೇಳು ಜನರನ್ನು ಕರೆದುಕೊಂಡು ಹೋದ. ಮೂರು ಕಡೆ ಹುಡುಕುವಷ್ಟರಲ್ಲಿ ಜನ ಸೋತುಬಿಟ್ಟರಂತೆ. ನೀವು ತಿರುಗಿ ಹೋಗಿ, ನಾನೊಂದು ಸಲ ನೋಡಿ ಬರುತ್ತೇನೆ ಎಂದನಂತೆ. ಹದಿನೇಳೂ ಜನ ಮರಳಿ ಬಂದರು. ಅವನು ಬರಲಿಲ್ಲ. ಕೊನೆಗೆ ಅವನು ಯಾವ ಕಡೆ ಇಳಿದನೆಂದು ಸರಿಯಾಗಿ ಹೇಳುವವರೂ ಇಲ್ಲ.

ಕಾಂಕ್ರೀಟು ಒಡೆದು ನೋಡಿದ್ದೇವೆ. ಬುಡ ಕೆತ್ತಿದ್ದರಿಂದ ಹಳೆಯ ಗುಂಡಿಯ ಗುರುತೂ ಉಳಿದಿಲ್ಲ. ನಿಮ್ಮ ಸಂಘದ ಹಳೆಯ ಚಿತ್ರಗಳಲ್ಲಿ ಕಲ್ಲಿಗಿಂತ ಅಧ್ಯಕ್ಷರೇ ಹೆಚ್ಚಾಗಿದ್ದಾರೆ. ಹನ್ನೊಂದನೆಯ ಕಲ್ಲಿನ ಮುಂದೆ ಅವರು ಹಾರ ಹಾಕಿಕೊಂಡು ಎಷ್ಟು ಅಗಲವಾಗಿ ನಿಂತಿದ್ದಾರೆಂದರೆ ಕಲ್ಲೇ ಕಾಣುವುದಿಲ್ಲ.

ಈ ಸಲದ ಗುಂಪಿನ ಮುಂದಾಳು ಶರಾವತಿ. ಇಪ್ಪತ್ತಾರು ಜನ, ಅದರಲ್ಲಿ ಎರಡು ಮೊಲೆಗೂಸು. ಬೇರೆ ಯಾರನ್ನಾದರೂ ಕಳಿಸಿ ಎಂದು ನಾನು ಸಭೆಯಲ್ಲಿ ಕೇಳಿದೆ, ಕೇಳಿ ನಾಚಿಕೆಪಟ್ಟೆ. ಅವಳು ಮನೆಗೆ ಬಂದ ಮೇಲೆ, "ಆಯಿ, ಮಾಮ ನೋಡದೆ ಬಿಟ್ಟ ಬದಿ ಒಂದೇ ಉಳದದೆ, ನಾ ಅಲ್ಲೇ ಇಳೀತೆ" ಎಂದಳು. ಅವನು ನೋಡಿದ ಮೂರು ಕಡೆಯಲ್ಲೂ ಪೂರ್ತಿ ನೋಡಿದ್ದನೇ ಎಂದು ನಾನು ಕೇಳಲಿಲ್ಲ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅವಳ ಚೀಲವನ್ನು ನಾಲ್ಕು ಸಲ ಬಿಚ್ಚಿ ಕಟ್ಟಿದೆ. ನನ್ನ ಮಂಡಿ ಈಗ ಆ ಏರು ಹತ್ತುವುದಿಲ್ಲ, ಇಲ್ಲಿ ಉಳಿದವರಿಗೆ ನಾಲಿಗೆಯೂ ಬೇಕು.

ಕಾಗದ ಹಿಂದಕ್ಕೆ ಹೋಗುತ್ತದೆಯೋ ಇಲ್ಲವೋ ನನಗೆ ತಿಳಿಯದು. ನಿಮ್ಮ ನಡಾವಳಿ ಪುಸ್ತಕದಲ್ಲಿ ಆ ಎರಡು ಪುಟಗಳ ನಡುವೆ ಇಡುತ್ತೇನೆ. ನಿಮ್ಮ ಕಾಗದಗಳೆಲ್ಲ ನಮ್ಮವರೆಗೆ ಬಂದವು, ನಮ್ಮದೊಂದು ನಿಮ್ಮವರೆಗೆ ಬಂದರೆ ತಪ್ಪೇನು? ಬಂದರೆ, ಭಾನುವಾರದ ಕೆಲಸ ನಿಲ್ಲಿಸಿ. ಹೊನ್ನಿಯವರನ್ನು ಕರೆದು ಕುರ್ಚಿ ಕೊಟ್ಟು ಕೂರಿಸಿ, ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳಿ. ನೀವು ಕಲ್ಲು ಮುಟ್ಟದಿದ್ದರೆ ಈ ಕಾಗದವನ್ನು ನಾನು ಬರೆಯುವ ಪ್ರಮೇಯವೇ ಬರುವುದಿಲ್ಲ. ಪಾಂಡು ಹಿತ್ತಲಲ್ಲಿ ಬಲೆ ಹೆಣೆಯುತ್ತ ಕೂತಿರುತ್ತಾನೆ, ನಾನು ಅವನನ್ನು ಯಾವುದಕ್ಕೋ ಬಯ್ಯುತ್ತಿರುತ್ತೇನೆ.

ಇಲ್ಲ, ಮರ್ಯಾದೆಯ ಪ್ರಶ್ನೆ, ಸಭೆಯ ತೀರ್ಮಾನ ಬದಲಿಸಲಾಗದು ಎನ್ನುವಿರಾದರೆ ಹಾಗೇ ಆಗಲಿ, ನೆಟ್ಟಗೆ ಮಾಡಿ, ಸುಣ್ಣ ಬಳಿಯಿರಿ, ಹಾರ ಹಾಕಿಸಿಕೊಳ್ಳಿ. ಆದರೆ ಅದಕ್ಕೆ ಮುಂಚೆ ಒಂದು ಸಲ ಗುಡ್ಡ ಹತ್ತಿ, ಹನ್ನೊಂದನೆಯ ಕಲ್ಲು ಯಾವ ಕಡೆಗೆ ವಾಲಿದೆ ನೋಡಿ, ಆ ಪುಟದ ಅಂಚಿನಲ್ಲಿ ಒಂದೇ ಒಂದು ಶಬ್ದ ಬರೆಯಿರಿ. ನಾನು ಆ ಪುಟವನ್ನು ಗಳಿಗೆಗೊಮ್ಮೆ ತೆಗೆದು ನೋಡುತ್ತಿದ್ದೇನೆ. ಶರಾವತಿ ನಾಳೆ ಹೊರಡುತ್ತಾಳೆ, ಶನಿವಾರ ಮಧ್ಯಾಹ್ನ ಆ ಕಲ್ಲಿಗೆ ಮುಟ್ಟುತ್ತಾಳೆ.