ಅಪ್ಪನ ಮರದ ಪರಾಗ

ಸಿಲ್ವರ್ಟನ್, ಆರೆಗನ್
ಜನವರಿ, ಶುಕ್ರವಾರ

ಮಾನ್ಯ ಲುಂಡ್ ಅವರಿಗೆ,

ಬೇಲಿಯಾಚೆಯ ಮಾರೆನ್ ಮಾಡುವ ವಂದನೆಗಳು.

ನಮ್ಮ ಹೇಜಲ್‌ನಟ್ ತೋಟಕ್ಕೆಲ್ಲ ಕೊಂಬೆ ಒಣಗುವ ರೋಗ ಹಬ್ಬಿದ್ದು ನಿಮಗೆ ಗೊತ್ತೇ ಇದೆ. ಸೋಮವಾರ ಮರಗಳನ್ನೆಲ್ಲ ಕಡಿಸಿ ಸುಡಿಸುತ್ತಿದ್ದೇನೆ. ಅಪ್ಪ ಜೀವಮಾನವಿಡೀ ತಳಿ ಬೆರೆಸಿ ಬೆಳೆಸಿದ ಆ ಸಿಹಿ ಕಾಯಿಯ ಮರವೂ ಉಳಿಯುವುದಿಲ್ಲ. ಕಣ್ಣು ಹೋಗಿ ಹಾಸಿಗೆ ಹಿಡಿದಿರುವ ಅವರಿಗೆ ಇದನ್ನು ತಿಳಿಸಿರಲಿಲ್ಲ.

ನಿನ್ನೆ ಅವರು ತಮ್ಮ ಮರದ ಕೊಂಬೆ ಮುಟ್ಟಬೇಕೆಂದರು. ನಮ್ಮ ಕೊಂಬೆಗಳ ತುಂಬ ರೋಗದ ಗಂಟುಗಳು, ಮುಟ್ಟಿದರೆ ಗೊತ್ತಾಗಿಬಿಡುತ್ತದೆ. ಹಾಗಾಗಿ ನಿಮ್ಮ ಮನೆಯವರನ್ನು ಕೇಳಿ, ರೋಗ ತಗುಲದ ನಿಮ್ಮ ಹೊಸ ತಳಿಯ ಕೊಂಬೆಯೊಂದನ್ನು ತಂದುಕೊಟ್ಟೆ. ಅಪ್ಪ ತೊಗಟೆ ಸವರಿ, "ಇದು ಲುಂಡ್‌ದು ಕಣೇ. ನಮ್ದೆಲ್ಲಾ ಹೋಯ್ತಾ?" ಅಂದರು. ಹೌದು ಎಂದೆ. ಅವರು ಕೊಂಬೆ ಹಿಡಿದುಕೊಂಡೇ, "ನಮ್ ಮರದ ಪರಾಗಾನ ಅವನ ಮರದ ಹೂವಿಗೆ ಹಾಕ್ಬೋದಾ, ಕೇಳು. ನಮ್ ರುಚಿ, ಅವನ ಗಟ್ಟಿತನ ಎರಡೂ ಬರ್ಬೋದು. ನನ್ನ ಬೈಕೊಂಡಾದ್ರೂ ಒಪ್ತಾನೆ" ಅಂದರು.

ನಿಮ್ಮಿಬ್ಬರ ಜಗಳದ ಮಾತನ್ನು ನಾನು ಎತ್ತುವುದಿಲ್ಲ. ನಿಮ್ಮ ಮರದ ಒಂದೇ ಕೊಂಬೆಯ ಹೂ ಸಾಕು. ಪರಾಗವನ್ನು ಒಣಗಿಸಿ ಸೀಸೆಯಲ್ಲಿ ತರುತ್ತೇನೆ. ರೋಗ ಅಂಟಿ ಬರದಂತೆ ಬಟ್ಟೆ, ಬೂಟು ಬದಲಿಸಿಯೇ ನಿಮ್ಮ ತೋಟಕ್ಕೆ ಕಾಲಿಡುತ್ತೇನೆ. ಹುಟ್ಟುವ ಸಸಿಗಳು ನಿಮ್ಮವೇ ಆಗಲಿ.

ಭಾನುವಾರದೊಳಗೆ ತಿಳಿಸಿ. ಆಗುವುದಿಲ್ಲ ಎನ್ನುವುದಾದರೆ ಉತ್ತರ ಬೇಡ, ದಯವಿಟ್ಟು ಮನೆಗೂ ಬರಬೇಡಿ. ನೀವು ಒಪ್ಪಿದಿರಿ ಎಂದು ಅಪ್ಪನಿಗೆ ಆಗಲೇ ಹೇಳಿಬಿಟ್ಟಿದ್ದೇನೆ.

ಇಂತಿ,
ಮಾರೆನ್