ಮಾರುವ ಬಂದೂಕು, ಇಟ್ಟುಕೊಳ್ಳುವ ಬಂದೂಕು

ಪ್ರೀತಿಯ ಓರ್ವಲ್,

ಯಾವ ಬಂದೂಕು ಇಟ್ಟುಕೊಳ್ಳುವುದು, ಯಾವುದನ್ನು ಮಾರುವುದು ಎಂದು ಮೊನ್ನೆ ನೀನು ಫೋನಿನಲ್ಲಿ ಮತ್ತೆ ಕೇಳಿದೆ. "ಭಾವಾ, ಪೇಟೇಲಿ ಬಂದೂಕು ಸಂತೆ ಬಂದೇಬಿಡ್ತು. ಏನಾದ್ರೂ ಒಂದು ಹೇಳಪ್ಪ. ನನ್ನ ಕಪಾಟಲ್ಲಿ ನನ್ನವಕ್ಕೇ ಜಾಗ ಇಲ್ಲ, ಹೆಂಡ್ತಿ ನನ್ನನ್ನೇ ಹೊರಗೆ ಹಾಕ್ತಾಳೆ," ಎಂದೆ. ನಾನು ನೋಡೋಣ ಎಂದು ಫೋನ್ ಇಟ್ಟುಬಿಟ್ಟೆ. ಸಿಟ್ಟಿನಿಂದಲ್ಲ ಮಾರಾಯ, ಸುಸ್ತು. ಈಚೆಗೆ ಬೂಟಿನ ದಾರ ಕಟ್ಟಿಕೊಳ್ಳುವುದೂ ಒಂದು ದಿನದ ಕೆಲಸವಾಗಿದೆ.

ನಿನ್ನ ಅಕ್ಕ ಲವಿನಾಳನ್ನು ಮಣ್ಣು ಮಾಡಿ ಬಂದ ಮರುದಿನ ನೀನು ಪಿಕಪ್ ತಂದು ಮನೆಯ ಮುಂದೆ ನಿಲ್ಲಿಸಿದೆ. "ಬೇಟೆ ಕಾಲ ಮುಗೀತು. ನಿನ್ನ ಬಂದೂಕಿಗೆಲ್ಲ ಎಣ್ಣೆ ಹಾಕ್ಬೇಕು, ನಾನು ಒಯ್ತೀನಿ," ಎಂದೆ. ಬೇಟೆ ಕಾಲ ಅರ್ಧವೂ ಮುಗಿದಿರಲಿಲ್ಲ. ಅದು ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೊಂಟಾನಾದ ಗಂಡಸರು ನಾವು ಹೀಗೇ ಅಲ್ಲವೇ. ಹೆಂಡತಿ ಸತ್ತವನ ಮನೆಯಿಂದ ಬಂದೂಕುಗಳನ್ನು ಎತ್ತಿಕೊಂಡು ಹೋಗುತ್ತೇವೆ, ಯಾಕೆಂದು ಮಾತ್ರ ಬಾಯಿಬಿಡುವುದಿಲ್ಲ. ಹಿಂದೆ ಪಕ್ಕದ ಹಾರ್ಲನ್ ಮನೆಯಿಂದ ನಾವಿಬ್ಬರೇ ಹಾಗೆ ತಂದಿದ್ದೆವು. ಅವನೂ ಎಣ್ಣೆಯ ಮಾತು ನಂಬಿದಂತೆ ನಟಿಸಿದ್ದ. ನೀನು ಕಂಬಳಿ ಸುತ್ತಿ ಒಂದೊಂದನ್ನೇ ಹೊರುತ್ತಿದ್ದಾಗ ನಾನು ಸುಮ್ಮನೆ ಬಾಗಿಲು ಹಿಡಿದು ನಿಂತಿದ್ದೆ. ಥ್ಯಾಂಕ್ಸ್ ಅನ್ನಲಿಲ್ಲ. ಈಗ ಅನ್ನುತ್ತಿದ್ದೇನೆ.

ಸರಿ, ಕೇಳು. ಬಾತುಕೋಳಿ ಬೇಟೆಯ ಜೋಡುನಳಿಗೆಯ ಕೋವಿ ಮಾರಿಬಿಡು. ಜವುಗಿನಲ್ಲಿ ಗಂಟೆಗಟ್ಟಲೆ ಕೂರಲು ಈ ಮೊಣಕಾಲು ಒಪ್ಪುವುದಿಲ್ಲ. ದುರ್ಬೀನು ಕೂರಿಸಿದ ಆ ದೊಡ್ಡ ರೈಫಲ್ಲೂ ಹೋಗಲಿ. ಅದನ್ನು ಕೊಂಡದ್ದೇ ನಿನ್ನ ಹೊಟ್ಟೆ ಉರಿಸಲು, ಅದರಿಂದ ಒಂದು ಎಲ್ಕ್ ಜಿಂಕೆ ಕೂಡ ಬಿದ್ದಿಲ್ಲ. ನನ್ನ ಅಪ್ಪನ ಹಳೆಯ ರೈಫಲ್ ನಿನ್ನ ಮಗಳು ಟ್ಯಾಮ್ಸಿನ್‌ಗೆ. ನಮ್ಮ ಪೈಕಿ ನೆಟ್ಟಗೆ ಗುರಿ ಇಡುವವಳು ಅವಳೊಬ್ಬಳೇ.

ಲವಿನಾಳ ರೈಫಲ್ ಮಾತ್ರ ಮಾರಬೇಡ. ಭುಜಕ್ಕೆ ಆನಿಸುವ ಮರವನ್ನು ಅವಳ ಅಳತೆಗೆ ನಾನೇ ಕೊಯ್ದು ಗಿಡ್ಡ ಮಾಡಿದ್ದೆ. ಉಜ್ಜಿ ನುಣುಪು ಮಾಡಿ ಕೈಗೆ ಕೊಟ್ಟರೆ, "ನನ್ನ ಅಳತೆ ಗೊತ್ತಾಗೋಕೆ ಇಷ್ಟು ವರ್ಷ ಬೇಕಾಯ್ತಾ ನಿಂಗೆ?" ಎಂದು ನಕ್ಕಿದ್ದಳು. ಸಂತೆಯವರು ಅದನ್ನು ಕೆಡಿಸಿದ ಮಾಲು ಎನ್ನುತ್ತಾರೆ. ನಿನ್ನ ಕಪಾಟಿನಲ್ಲೇ ಇರಲಿ. ಅವಳಿಲ್ಲದ ಮನೆಯಲ್ಲಿ ಅದನ್ನು ನೋಡಿಕೊಂಡು ಕೂರಲು ನನ್ನಿಂದಾಗದು.

ಇಷ್ಟು ಹೇಳಲು ಪತ್ರವೇಕೆ ಎನ್ನುತ್ತೀಯ. ಇನ್ನೊಂದಿದೆ. ಹಿತ್ತಲಿಗೆ ಕರಡಿ ಬರುತ್ತದೆಂದು ಅವಳು ಅಡುಗೆಮನೆಯ ಡ್ರಾಯರಿನಲ್ಲಿ, ಒರೆಸುವ ಬಟ್ಟೆಗಳ ಕೆಳಗೆ, ಒಂದು ಪಿಸ್ತೂಲು ಇಟ್ಟುಕೊಂಡಿದ್ದಳು. ನಿನಗೆ ಗೊತ್ತಿರಲಿಲ್ಲ. ನೀನು ಬಂದ ದಿನ ನಾನೂ ಹೇಳಲಿಲ್ಲ. ಇಡೀ ಚಳಿಗಾಲ ಆ ಡ್ರಾಯರಿಗೆ ಬೆನ್ನು ಹಾಕಿ ಕೂತು ಊಟ ಮಾಡಿದ್ದೇನೆ. ಇವತ್ತು ಬೆಳಿಗ್ಗೆ ಅದನ್ನು ತೆರೆದೆ. ಬಟ್ಟೆ ಸರಿಸಿದೆ. ಆಮೇಲೆ ಮುಚ್ಚಿ, ಕೋಟು ಹಾಕಿಕೊಂಡು, ಮನೆಗೆ ಬೀಗ ಜಡಿದು ಹೊರಟುಬಂದೆ. ನನಗೆ ಭಯವಾಯಿತು, ಓರ್ವಲ್.

ಎಲ್ಲಕ್ಕಿಂತ ಮೊದಲು ಅದನ್ನು ಮಾರು. ಅಂಚೆಗೆ ಹಾಕಿದರೆ ಈ ಪತ್ರ ನಿನಗೆ ಸಿಗುವುದು ನಾಳಿದ್ದು. ನಾಳಿದ್ದಿನ ತನಕ ನನ್ನ ಮೇಲೆ ನನಗೆ ನಂಬಿಕೆಯಿಲ್ಲ. ಅದಕ್ಕೇ ನಿನ್ನ ಮನೆಯೆದುರು ಗಾಡಿ ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. ಕಿಟಕಿಯಲ್ಲಿ ನೀನು ಕಾಫಿ ಹಿಡಿದು ಇತ್ತಲೇ ನೋಡುತ್ತಿದ್ದೀಯ, ಈ ಮುದುಕ ಇಷ್ಟು ಹೊತ್ತು ಅಲ್ಲೇನು ಮಾಡುತ್ತಿದ್ದಾನೆ ಎಂದು. ಬಾಯಲ್ಲಿ ಹೇಳಲು ಬರುವುದಿಲ್ಲ, ಬಾಗಿಲ ಸಂದಿಯಿಂದ ಒಳಗೆ ತೂರಿಸುತ್ತೇನೆ, ಓದಿಬಿಡು. ನನ್ನ ಮನೆಯ ಬೀಗದಕೈ ಈ ಲಕೋಟೆಯಲ್ಲೇ ಇದೆ. ನೀನು ಹೋಗಿ ಅದನ್ನು ತರುವ ತನಕ ನಾನು ನಿನ್ನ ಅಡುಗೆಮನೆಯಲ್ಲಿ ಕೂತಿರುತ್ತೇನೆ.

ನಿನಗೂ ನಿನ್ನ ಮನೆಯವರಿಗೂ ಒಳ್ಳೆಯದಾಗಲಿ. ಬಾಗಿಲು ತೆಗೆ.

ನಿನ್ನ ಭಾವ,
ಡೆಲ್ಮರ್